ವಿಳಾಸವು ವಸ್ತುವಿನದಾಗಿರಲಿ

ಜಾಲತಾಣ ಕಟ್ಟಲು ತೊಡಗುವ ವಿದ್ಯಾರ್ಥಿಗಳು ಕೆಲಸಕ್ಕೊಂದು ವಿಳಾಸವನ್ನಿಡುವುದುಂಟು. ಗ್ರಂಥಾಲಯದ ತಾಣವಾದರೆ ‘ಪುಸ್ತಕ ತೋರಿಸು’, ‘ಪುಸ್ತಕ ಅಳಿಸು’ ಎಂಬಂತೆ. ಇದು ತರವಲ್ಲವೆಂಬುದು ನಮ್ಮ ಅಭಿಪ್ರಾಯ. ವಿಳಾಸವು ನಾಮಪದವಾಗಿರತಕ್ಕದ್ದು, ಕ್ರಿಯಾಪದಗಳನ್ನು ಜಾಲದ ಎಚ್‌ಟಿಟಿಪಿ ನಿಯಮಾವಳಿಯೇ ಒದಗಿಸಿದೆ. ‘ಪುಸ್ತಕಗಳು/25’ ಎಂಬ ಒಂದೇ ವಿಳಾಸಕ್ಕೆ ‘ಗೆಟ್’ ಎಂದರೆ ವಿವರ ಬರುತ್ತದೆ. ‘ಪ್ಯಾಚ್’ ಎಂದರೆ ತಿದ್ದುಪಡಿಯಾಗುತ್ತದೆ. ‘ಡಿಲೀಟ್’ ಎಂದರೆ ಅಳಿಯುತ್ತದೆ. ರಾಯ್ ಫೀಲ್ಡಿಂಗರು 2000ದಲ್ಲಿ ‘ರೆಸ್ಟ್’ ಎಂಬ ಹೆಸರಿನಿಂದ ನಿರೂಪಿಸಿದ ವಿಚಾರವೇ ಇದರ ತಳಹದಿ. ರೂಬಿ ಆನ್ ರೈಲ್ಸ್ ಚೌಕಟ್ಟಿನಲ್ಲಿ ‘ರಿಸೋರ್ಸಸ್’ ಎಂದು ಬರೆದು ವಸ್ತುವನ್ನು ಹೆಸರಿಸಿದರಾಯಿತು. ಆ ಒಂದೇ ಸಾಲಿನಿಂದ ಪಟ್ಟಿ ತೋರಿಸುವುದು ಮೊದಲಾಗಿ ಅಳಿಸುವವರೆಗೆ ಏಳು ಕೆಲಸಗಳಿಗೆ ದಾರಿ ಏರ್ಪಡುತ್ತದೆ.

ಇದು ಬರಿಯ ಅಂದದ ಮಾತೇ? ಅಲ್ಲ. 2005ರಲ್ಲಿ ಗೂಗಲ್ ವೆಬ್ ಆಕ್ಸಿಲರೇಟರ್ ಎಂಬ ತಂತ್ರಾಂಶವು, ಬಳಕೆದಾರರ ಕಾಲವನ್ನುಳಿಸಲೆಂದು, ಪುಟದೊಳಗಿನ ಕೊಂಡಿಗಳನ್ನು ತಾನೇ ಮುಂಚಿತವಾಗಿ ‘ಗೆಟ್’ ಮಾಡತೊಡಗಿತು. ಅಳಿಸುವ ಕೆಲಸವನ್ನು ಸಾಮಾನ್ಯ ಕೊಂಡಿಯಲ್ಲಿಟ್ಟಿದ್ದ ತಾಣಗಳಲ್ಲಿ ಜನರು ಕೂಡಿಟ್ಟಿದ್ದ ಬರಹಗಳು ಅವರಿಗರಿವಿಲ್ಲದೆಯೇ ಅಳಿದುಹೋದವು. ‘ಗೆಟ್’ ಎಂಬುದು ನೋಡುವುದಕ್ಕೆ ಮಾತ್ರ ಎಂಬ ಕಟ್ಟಳೆಯನ್ನು ತಂತ್ರಾಂಶವು ನಂಬಿತ್ತು. ತಾಣ ಕಟ್ಟಿದವರು ಮೀರಿದ್ದರು.

ಪುಸ್ತಕವನ್ನು ಎರವಲು ಕೊಡುವುದು ಆ ಏಳರಲ್ಲಿ ಸೇರದಲ್ಲವೆ ಎಂದು ಕೆಲವರು ಕೇಳಬಹುದು. ‘ಎರವಲು’ ಎಂಬುದನ್ನೇ ಒಂದು ವಸ್ತುವೆಂದೆಣಿಸೋಣ. ಆಗ ಕೊಡುವುದೆಂದರೆ ಹೊಸದೊಂದು ಎರವಲನ್ನು ದಾಖಲಿಸುವುದು, ಅಷ್ಟೆ. ಆದುದರಿಂದ ಕೀಲಿಮಣೆಯನ್ನು ಮುಟ್ಟುವ ಮೊದಲು ತಮ್ಮ ತಾಣದ ವಸ್ತುಗಳಾವುವೆಂಬುದನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದುಕೊಳ್ಳಲಿ. ವಸ್ತುವನ್ನು ಸರಿಯಾಗಿ ಗುರುತಿಸಿದವನಿಗೆ ವಿಳಾಸವು ತಾನಾಗಿಯೇ ದೊರೆಯುತ್ತದೆ.