ರಿಮೋಟ್ ಬಿಚ್ಚಿ ನೋಡದೆ ವಿಮಾನ ಹಾರಿಸುವುದು ಬೇಡ

ಕಳೆದ ಜನವರಿಯಲ್ಲಿ ಯುವಜನರ ಆಟೋಟದ ದಿನ ನಮ್ಮ ಚರ್ಚ್ ಮೈದಾನದಲ್ಲಿ ಬಿದ್ದ ವಿಮಾನದ ಬಗ್ಗೆ ಇಷ್ಟು ದಿನ ಯಾರೂ ಏನೂ ಬರೆಯಲಿಲ್ಲ. ಬರೆಯಬೇಕಾದವರು ನಾವೇ. ಹಾರಿಸಿದವರೂ ನಾವೇ ಅಲ್ಲವೇ?

ಮಕ್ಕಳ ಓಟ ಮುಗಿದು ಊಟಕ್ಕೆ ಮೊದಲು ಹತ್ತು ನಿಮಿಷದ ಪ್ರದರ್ಶನ ಅಂತ ಕಾರ್ಯಕ್ರಮ ಪಟ್ಟಿಯಲ್ಲಿ ಇತ್ತು. ಫೋಮಿನ ವಿಮಾನ, ರೆಕ್ಕೆಯ ಉದ್ದ ನಾಲ್ಕು ಅಡಿ, ಬ್ಯಾಟರಿ ಸೇರಿ ಒಂದು ಕಿಲೋದ ಹತ್ತಿರ ತೂಕ. ಎರಡು ಸುತ್ತು ಚೆನ್ನಾಗಿಯೇ ಹಾರಿತು, ಚಪ್ಪಾಳೆಯೂ ಬಿತ್ತು. ಮೂರನೇ ಸುತ್ತಿನಲ್ಲಿ ತೆಂಗಿನ ಮರಗಳ ಮೇಲಿಂದ ತಿರುಗಿ ಬರುವಾಗ ಒಮ್ಮೆ ಬೆಚ್ಚಿಬಿದ್ದಂತೆ ಮೂಗು ಎತ್ತಿತು, ಮತ್ತೆ ನೇರ ಕೆಳಗೆ. ಐಸ್‌ಕ್ಯಾಂಡಿಗೆ ಸಾಲು ನಿಂತ ಮಕ್ಕಳಿಂದ ನಾಲ್ಕೈದು ಹೆಜ್ಜೆ ಆಚೆಗೆ ಬಿತ್ತು. ಪ್ರೊಪೆಲ್ಲರಿನ ಒಂದು ತುಂಡು ಹಾರಿ ಬಂದು ಮೇಜಿನ ಬಟ್ಟೆಯನ್ನು ಹರಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಹಾರಿಸುತ್ತಿದ್ದವನ ಕೈ ನಡುಗುವುದು ನಿಲ್ಲಲು ಮಾತ್ರ ಅರ್ಧ ಗಂಟೆ ಬೇಕಾಯಿತು.

ಆಮೇಲೆ ಊಟದ ಹೊತ್ತಿಗೆ ಕಾರಣಗಳ ಮಳೆಯೇ ಸುರಿಯಿತು. ಕಡಲ ಗಾಳಿ ಎಂದರು ಒಬ್ಬರು. ಗುಡ್ಡದ ಮೇಲಿನ ಮೊಬೈಲ್ ಟವರ್ ಎಂದರು ಇನ್ನೊಬ್ಬರು. ಬ್ಯಾಟರಿ ಮುಗಿದಿರಬೇಕು, ದೃಷ್ಟಿ ಬಿದ್ದಿರಬೇಕು, ಹೀಗೆ. ನಾವೂ ತಲೆಯಾಡಿಸಿದೆವು. ಗಾಳಿಯ ಮೇಲೆ ತಪ್ಪು ಹಾಕಿದರೆ ಗಾಳಿ ಬಂದು ಜಗಳ ಮಾಡುವುದಿಲ್ಲವಲ್ಲ!

ಒಂದು ವಾರ ಬಿಟ್ಟು ರಿಮೋಟ್ ಬಿಚ್ಚಿದೆವು. ಪುಸ್ತಕದಲ್ಲಿ ಅದಕ್ಕೆ ಟ್ರಾನ್ಸ್‌ಮಿಟರ್ ಎಂದೇ ಹೆಸರು, ನಮ್ಮಲ್ಲಿ ಎಲ್ಲರೂ ರಿಮೋಟ್ ಎನ್ನುವುದು. ಬಲಗೈಯ ಸ್ಟಿಕ್ಕಿನ ಕೆಳಗೆ, ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ ಭಾಗಕ್ಕೆ, ಮೂರು ಸಪೂರ ವಯರ್‌ಗಳು ಹೋಗುತ್ತವೆ. ಮೂರೂ ಹೊರಗಿನಿಂದ ಸರಿಯಾಗಿಯೇ ಕಾಣುತ್ತಿದ್ದವು. ಒಂದನ್ನು ಮೆಲ್ಲಗೆ ಎಳೆದಾಗ ಅದರ ಪ್ಲಾಸ್ಟಿಕ್ ಹೊದಿಕೆ ರಬ್ಬರಿನ ಹಾಗೆ ಉದ್ದವಾಯಿತು. ಒಳಗೆ ತಾಮ್ರದ ಎಳೆಗಳು ತುಂಡಾಗಿ, ಒಂದೋ ಎರಡೋ ಎಳೆ ಮಾತ್ರ ತಾಗಿಕೊಂಡಿದ್ದವು. ಸ್ಟಿಕ್ ಒಂದು ಕಡೆ ವಾಲಿದಾಗ ತಾಗುತ್ತಿತ್ತು, ಇನ್ನೊಂದು ಕಡೆ ವಾಲಿದಾಗ ಬಿಡುತ್ತಿತ್ತು.

ನಾಚಿಕೆಯ ವಿಷಯ ಇನ್ನು ಮುಂದಿದೆ. ನವೆಂಬರಿನಿಂದಲೇ ಆ ರಿಮೋಟಿನ ಪರದೆಯಲ್ಲಿ ಸ್ಟಿಕ್ ಮುಟ್ಟದಿದ್ದರೂ ಒಂದು ಗೆರೆ ಹಾರುತ್ತಿತ್ತು. ಪದವಿನಲ್ಲಿ ಅಭ್ಯಾಸ ಮಾಡುವಾಗ ನಾವೆಲ್ಲ ಅದನ್ನು ನೋಡಿದ್ದೇವೆ. "ಎಂತ ಆಗುದಿಲ್ಲ ಮಾರಾಯ, ಸ್ವಲ್ಪ ತಟ್ಟಿದ್ರೆ ಸರಿಯಾಗ್ತದೆ" ಎಂದು ನಮ್ಮಲ್ಲೇ ಒಬ್ಬ ಹೇಳಿದ. ತಟ್ಟಿದೆವು, ಸರಿಯಾಯಿತು. ನಮ್ಮ ಮಟ್ಟಿಗೆ ರಿಪೇರಿ ಅಲ್ಲಿಗೇ ಮುಗಿದಿತ್ತು. ಪೂರಾ ಕೆಟ್ಟು ಹೋಗಿದ್ದರೆ ವಿಮಾನ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಆಗಾಗ ಕೆಟ್ಟು ಆಗಾಗ ಸರಿಯಾಗುವ ವಯರ್ ಅದಕ್ಕಿಂತ ಅಪಾಯ, ಏಕೆಂದರೆ ಅದು ನಮಗೆ ವಿಮಾನವನ್ನು ಮೇಲೇರಿಸಲು ಬಿಡುತ್ತದೆ.

"ಫೇಲ್‌ಸೇಫ್ ಇಲ್ವಾ ಅದರಲ್ಲಿ?" ಎಂದು ಗೊತ್ತಿರುವ ಕೆಲವರು ಕೇಳಿದರು. ಇತ್ತು. ನಾವೇ ಹೊಂದಿಸಿದ್ದೆವು. ರಿಮೋಟಿನ ಸಿಗ್ನಲ್ ತಪ್ಪಿದರೆ ಮೋಟರ್ ನಿಲ್ಲಿಸು, ರೆಕ್ಕೆಯನ್ನು ಸಮ ಮಾಡು ಎಂದು ವಿಮಾನದ ರಿಸೀವರಿಗೆ ಮೊದಲೇ ಹೇಳಿಡುವ ವ್ಯವಸ್ಥೆ ಅದು. ಆದರೆ ಅಂದು ಸಿಗ್ನಲ್ ತಪ್ಪಲೇ ಇಲ್ಲ. ಸ್ಟಿಕ್ಕಿನ ಕೆಳಗೆ ಇರುವುದು ಪಾಟ್, ಅಂದರೆ ಹಳೆಯ ರೇಡಿಯೋದ ವಾಲ್ಯೂಮ್ ತಿರುಪಿನ ಜಾತಿಯದ್ದು. ಅದರ ಒಂದು ತುದಿಗೆ ವೋಲ್ಟೇಜ್, ಇನ್ನೊಂದು ತುದಿಗೆ ಗ್ರೌಂಡ್, ನಡುವಿನ ವಯರಿನಲ್ಲಿ ಸ್ಟಿಕ್ ಎಲ್ಲಿದೆ ಎಂಬ ಲೆಕ್ಕ. ಗ್ರೌಂಡಿನ ವಯರ್ ತುಂಡಾದರೆ, ಸ್ಟಿಕ್ ನಡುವಿನಲ್ಲಿದ್ದರೂ ಲೆಕ್ಕ ಒಂದು ಕೊನೆಗೆ ಹೋಗಿ ಕೂರುತ್ತದೆ. ನಡುವಿನದ್ದು ತುಂಡಾದರೆ ಲೆಕ್ಕ ಎಲ್ಲೆಂದರಲ್ಲಿ ಅಲೆಯುತ್ತದೆ. ರಿಮೋಟಿಗೆ ಇದು ತಪ್ಪು ಎಂದು ತಿಳಿಯುವುದಿಲ್ಲ. ಆ ತಪ್ಪು ಲೆಕ್ಕವನ್ನೇ ನಿಯತ್ತಿನಿಂದ ಕಳಿಸುತ್ತದೆ, ವಿಮಾನವೂ ನಿಯತ್ತಿನಿಂದ ಪಾಲಿಸುತ್ತದೆ. ಫೇಲ್‌ಸೇಫ್ ಸುಮ್ಮನೆ ನೋಡುತ್ತಿರುತ್ತದೆ. ಹಾರಿಸುವ ಮೊದಲು ಮಾಡುವ ರೇಂಜ್ ಪರೀಕ್ಷೆಯೂ ಹಾಗೆಯೇ. ರಿಮೋಟನ್ನು ಕಡಿಮೆ ಶಕ್ತಿಗೆ ಇಟ್ಟು ಸುಮಾರು 30 ಹೆಜ್ಜೆ ದೂರ ನಡೆದು ನೋಡುವುದು ಒಳ್ಳೆಯ ರೂಢಿ, ಬಿಡಬಾರದು. ಆದರೆ ಅದು ಪರೀಕ್ಷಿಸುವುದು ಗಾಳಿಯಲ್ಲಿ ಹೋಗುವ ಸಿಗ್ನಲನ್ನು, ಪೆಟ್ಟಿಗೆಯ ಒಳಗಿನ ವಯರನ್ನಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇದು: ಚರ್ಚ್ ಮೈದಾನದಲ್ಲಿ, ಜನ ಸೇರಿದ ಕಡೆ ಹಾರುವ ಯಾವ ವಿಮಾನದ ರಿಮೋಟನ್ನೇ ಆಗಲಿ, ಆ ಋತುವಿನಲ್ಲಿ ಒಮ್ಮೆ ಬಿಚ್ಚಿ ವಯರ್ ನೋಡಿರಬೇಕು. ನೋಡಿದವನು ಅದರ ಮಾಲೀಕನಲ್ಲದೆ ಇನ್ನೊಬ್ಬ ಆಗಿರಬೇಕು. ನಮ್ಮ ವಸ್ತುವಿನ ತಪ್ಪು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ.

ಇದಕ್ಕೆ ಬಂದ ಮೊದಲ ಉತ್ತರ, "ಹೊಸದು ತಗೊಂಡ್ರೆ ಮುಗೀತಲ್ಲ." ಹಣ ಇದ್ದವರು ತೆಗೆದುಕೊಳ್ಳಲಿ, ಬೇಡ ಎನ್ನುವುದಿಲ್ಲ. ಹೊಸ ರಿಮೋಟ್‌ಗಳಲ್ಲಿ ಪಾಟಿನ ಬದಲು ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್ ಬರುತ್ತದೆ, ಅದು ಸವೆಯುವುದಿಲ್ಲ ಎನ್ನುತ್ತಾರೆ. ಸೆನ್ಸರ್ ಸವೆಯುವುದಿಲ್ಲ, ಸರಿಯೇ. ಆದರೆ ಅದಕ್ಕೂ ವಯರ್‌ಗಳೇ ಹೋಗುತ್ತವೆ, ಅವು ಸ್ಟಿಕ್ಕಿನ ಜೊತೆ ಓಲಾಡುವ ಜಾಗದಲ್ಲಿದ್ದರೆ ತಾಮ್ರ ಒಂದು ದಿನ ದಣಿದೇ ದಣಿಯುತ್ತದೆ. ಅದಲ್ಲದೆ ನಮ್ಮಲ್ಲಿ ಹೆಚ್ಚಿನ ಹುಡುಗರ ಬಳಿ ಇರುವುದು ಯಾರೋ ಬಳಸಿ ಬಿಟ್ಟ ಸೆಕೆಂಡ್‌ಹ್ಯಾಂಡ್ ಸೆಟ್. ಗಲ್ಫಿನಿಂದ ಅಣ್ಣನೋ ಮಾಮನೋ ತಂದದ್ದು, ಎರಡು ಕೈ ದಾಟಿ ಬಂದದ್ದು. ಹೊಸದು ತೆಗೆದುಕೊಳ್ಳಿ ಎಂದರೆ ಅವರಿಗೆ ಹವ್ಯಾಸ ಬಿಡಿ ಎಂದ ಹಾಗೆಯೇ.

ಇನ್ನು ನಮ್ಮ ಊರಿನ ಹವೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನಿನಿಂದ ಸೆಪ್ಟೆಂಬರಿನ ತನಕ ರಿಮೋಟ್ ಕಪಾಟಿನಲ್ಲಿ ಮಲಗಿರುತ್ತದೆ, ಬ್ಯಾಟರಿಯೂ ಒಳಗೇ. ಚಪ್ಪಲಿಗೆ, ಬೆಲ್ಟಿಗೆ ಬೂಸರು ಹಿಡಿಯುವ ಮನೆಯಲ್ಲಿ ಸರ್ಕ್ಯೂಟ್ ಒಂದೇ ಒಣಗಿ ಕೂರುತ್ತದೆಯೇ? ಉಪ್ಪುಗಾಳಿಗೆ ಬ್ಯಾಟರಿ ಪೆಟ್ಟಿಗೆಯ ಸ್ಪ್ರಿಂಗ್ ಹಸಿರು ಹಿಡಿಯುವುದನ್ನು ಟಾರ್ಚ್ ಬಳಸಿದ ಎಲ್ಲರೂ ನೋಡಿದ್ದೇವೆ. ಹಳೆಯ ನಿಕಲ್ ಕ್ಯಾಡ್ಮಿಯಮ್ ಬ್ಯಾಟರಿ ಸೋರಿದ್ದರೆ ಇನ್ನೊಂದು ಕಾಯಿಲೆ ಇದೆ. ಅದರೊಳಗಿನ ಕ್ಷಾರ ನೆಗೆಟಿವ್ ವಯರಿನ ಒಳಗೊಳಗೇ ಹತ್ತಿಕೊಂಡು ಹೋಗಿ ತಾಮ್ರವನ್ನು ಕಪ್ಪು ಮಾಡುತ್ತದೆ. ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹಿಡಿಯುವುದೇ ಇಲ್ಲ. ಕೆರೆದು ಅಂಟಿಸಿದವರು ಇದ್ದಾರೆ, ಅದು ಕೆಲಸವಲ್ಲ. ಆ ವಯರನ್ನು ಪೂರ್ತಿ ಬದಲಿಸುವುದೇ ಸರಿ.

ನೋಡುವುದು ಹೇಗೆ? ಕಷ್ಟವಿಲ್ಲ, ಅವಸರ ಮಾಡಬಾರದು ಅಷ್ಟೆ. ಮೊದಲು ಬ್ಯಾಟರಿ ತೆಗೆಯಿರಿ. ಹಿಂದಿನ ಸ್ಕ್ರೂ ಬಿಚ್ಚಿದ ಮೇಲೆ ಮುಚ್ಚಳವನ್ನು ಒಮ್ಮೆಲೇ ಎಳೆಯಬೇಡಿ, ಕೆಲವು ಸೆಟ್‌ಗಳಲ್ಲಿ ಆಂಟೆನಾದ ಅಥವಾ ಬ್ಯಾಟರಿಯ ವಯರ್ ಮುಚ್ಚಳಕ್ಕೇ ಅಂಟಿರುತ್ತದೆ. ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಡಿ. ಮತ್ತೆ ಸ್ಟಿಕ್ಕನ್ನು ನಾಲ್ಕೂ ಕಡೆಗೆ ಮೆಲ್ಲಗೆ ವಾಲಿಸುತ್ತಾ ಯಾವ ವಯರ್ ಬಾಗುತ್ತದೆ, ಎಲ್ಲಿ ಬಾಗುತ್ತದೆ ಎಂದು ನೋಡಿ. ನೋಡಬೇಕಾದ ಮುಖ್ಯ ಜಾಗ ಸೋಲ್ಡರ್ ಹಾಕಿದ ಬುಡ. ಅಲ್ಲಿ ಸೋಲ್ಡರ್ ಎಳೆಗಳ ಒಳಗೆ ಸ್ವಲ್ಪ ಮೇಲಕ್ಕೆ ಏರಿ ವಯರನ್ನು ಕಡ್ಡಿಯ ಹಾಗೆ ಗಟ್ಟಿ ಮಾಡಿರುತ್ತದೆ. ಗಟ್ಟಿ ಮುಗಿದು ಮೆತ್ತಗೆ ಶುರುವಾಗುವಲ್ಲೇ ತುಂಡಾಗುವುದು. ಮುಚ್ಚಳದ ಅಂಚಿಗೆ ಸಿಕ್ಕಿ ಜಜ್ಜಿಹೋದ ವಯರ್‌ಗಳೂ ಸಿಗುತ್ತವೆ.

ಮಲ್ಟಿಮೀಟರಿನ 'ಬೀಪ್' ಕೇಳಿ ನೆಮ್ಮದಿಯಾಗಬೇಡಿ. ಒಂದೇ ಒಂದು ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ವಯರನ್ನು ಅಲುಗಿಸುತ್ತಾ ಕೇಳಬೇಕು, ಬೀಪ್ ತಡವರಿಸಿದರೆ ಅಲ್ಲಿ ಕಾಯಿಲೆ ಇದೆ. ನಮ್ಮ ಇನ್ನೊಂದು ಉಪಾಯ ಹಿಡಿಸೂಡಿಯ ಕಡ್ಡಿ. ವಿಮಾನಕ್ಕೆ ಬ್ಯಾಟರಿ ಹಾಕದೆ, ಆಂಟೆನಾ ಜೋಡಿಸಿಯೇ ಇಟ್ಟುಕೊಂಡು ರಿಮೋಟ್ ಮಾತ್ರ ಆನ್ ಮಾಡಿ, ಒಣ ಕಡ್ಡಿಯಿಂದ ಒಂದೊಂದೇ ವಯರನ್ನು ತಳ್ಳುತ್ತಾ ಪರದೆಯ ಗೆರೆಗಳನ್ನು ನೋಡುವುದು. ಯಾವ ವಯರ್ ಮುಟ್ಟಿದಾಗ ಗೆರೆ ಹಾರುತ್ತದೋ ಅದೇ ಕಳ್ಳ. ಸ್ಕ್ರೂಡ್ರೈವರಿನಿಂದ ಮಾತ್ರ ಇದನ್ನು ಮಾಡಬೇಡಿ, ಎರಡು ಕಡೆ ತಾಗಿ ಶಾರ್ಟ್ ಆದರೆ ಇದ್ದ ರಿಮೋಟೂ ಹೋಯಿತು.

ರಿಪೇರಿಯಲ್ಲಿ ನಾವೇ ಮಾಡಿದ ಒಂದು ತಪ್ಪು ಹೇಳಬೇಕು. ಮೊದಲ ಸಲ ಸಿಕ್ಕಿದ್ದು ಹಳೆಯ ಟೆಲಿಫೋನ್ ವಯರ್. ಒಳಗೆ ಒಂದೇ ದಪ್ಪ ತಂತಿ, ಸೋಲ್ಡರ್ ಚಂದ ಕೂತಿತು, ನೋಡಲೂ ಅಚ್ಚುಕಟ್ಟು. ಒಂದು ತಿಂಗಳೂ ಬಾಳಲಿಲ್ಲ. ಬಾಗುವ ಜಾಗಕ್ಕೆ ಕೂದಲಿನಂಥ ಹಲವು ಎಳೆಗಳ ವಯರೇ ಬೇಕು. ಸಿಲಿಕಾನ್ ಹೊದಿಕೆಯದ್ದಾದರೆ ಇನ್ನೂ ಒಳ್ಳೆಯದು. ಮಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲಿನಷ್ಟೇ ಉದ್ದ ಇಟ್ಟು, ಬಿಗಿಯದೆ ಸ್ವಲ್ಪ ಸಡಿಲ ಬಿಡಿ. ತುಂಡಾದಲ್ಲೇ ಗಂಟು ಹಾಕಿ ಟೇಪ್ ಸುತ್ತುವುದು ಮನೆಯ ಪಂಪಿಗೂ ಒಳ್ಳೆಯದಲ್ಲ, ಇದಕ್ಕಂತೂ ಬೇಡವೇ ಬೇಡ. ಜೋಡಿಸಲೇಬೇಕಾದರೆ ಬಾಗದ ಜಾಗದಲ್ಲಿ ಜೋಡಿಸಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. 63/37 ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ, ಕಾದ ಕಬ್ಬಿಣವನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಪಾಟಿನ ಪ್ಲಾಸ್ಟಿಕ್ಕೇ ಕರಗಿ ಹೋದೀತು. ಪಾತ್ರೆ ಬೆಸೆಯುವವರ ಆ್ಯಸಿಡ್ ಪೇಸ್ಟ್ ಹತ್ತಿರವೂ ತರಬೇಡಿ.

ನಾವು ರಿಪೇರಿಗೆ ಕೈ ಹಾಕದ ವಯರ್ ಒಂದೇ, ಆಂಟೆನಾದ್ದು. ಈಗಿನ ರಿಮೋಟ್‌ಗಳು 2.4 ಗಿಗಾಹರ್ಟ್ಸಿನವು, ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಸಾಮಾನ್ಯವಾಗಿ ಆಂಟೆನಾದ ತುದಿಯಲ್ಲಿ ಅದರ ಕಾಲು ಭಾಗ, ಸುಮಾರು 31 ಮಿಲಿಮೀಟರ್, ಮಾತ್ರ ನಿಜವಾಗಿ ಕೆಲಸ ಮಾಡುವುದು. ಉಳಿದದ್ದು ಸುತ್ತ ಜಾಲರಿ ಇರುವ ಕೇಬಲ್. ಅದನ್ನು ಸಾಮಾನ್ಯ ವಯರಿನ ಹಾಗೆ ಕತ್ತರಿಸಿ ಸೇರಿಸಿದರೆ ಪರದೆಯಲ್ಲಿ ಎಲ್ಲ ಸರಿ ಕಾಣುತ್ತದೆ, ಆದರೆ ವಿಮಾನ ದೂರ ಹೋದಾಗ ಕೈ ಕೊಡುತ್ತದೆ. ಹಿಂಜಿನಲ್ಲಿ ಮಡಚಿ ಮಡಚಿ ಕೇಬಲ್ ಸವೆದಿದ್ದರೆ ಇಡೀ ಆಂಟೆನಾವನ್ನೇ ಬದಲಿಸಿ. ಅದರ ಬುಡದ ಪುಟ್ಟ ಕನೆಕ್ಟರನ್ನು ಕುತೂಹಲಕ್ಕೆಂದು ಪದೇ ಪದೇ ತೆಗೆದು ಹಾಕಬಾರದು, ಅದು ತಡೆಯುವುದು ಸುಮಾರು 30 ಸಲ ಅಷ್ಟೆ.

ಇಷ್ಟೆಲ್ಲ ಹೇಳುವುದು ಸುಲಭ. ಕಷ್ಟ ಇರುವುದು ಸೋಲ್ಡರಿಂಗಿನಲ್ಲಲ್ಲ, ದೊಡ್ಡವರ ಎದುರು ಬಾಯಿ ತೆರೆಯುವುದರಲ್ಲಿ. ಆಟೋಟದ ದಿನ ಹಾರಿಸಲು ಬರುವವರಲ್ಲಿ ನಮಗಿಂತ ಇಪ್ಪತ್ತು ವರ್ಷ ಹಿರಿಯರಿದ್ದಾರೆ, ಬಹುಮಾನಕ್ಕೆ ಹಣ ಕೊಡುವವರಿದ್ದಾರೆ. "ಅಂಕಲ್, ನಿಮ್ಮ ರಿಮೋಟ್ ಒಮ್ಮೆ ಬಿಚ್ಚಿ ನೋಡಬಹುದಾ?" ಎಂದು ಕೇಳಿದರೆ ನಿಮ್ಮ ಅಡುಗೆಮನೆ ಒಮ್ಮೆ ನೋಡಬಹುದಾ ಎಂದು ಕೇಳಿದ ಹಾಗೆ ಮುಖ ಮಾಡುತ್ತಾರೆ. ಅವರ ಬೇಸರ ನಮಗೆ ಅರ್ಥವಾಗುತ್ತದೆ. ಆದರೂ ಕೇಳಬೇಕು. ಐಸ್‌ಕ್ಯಾಂಡಿಯ ಸಾಲಿನಲ್ಲಿ ಅಂದು ನಿಂತಿದ್ದವರಲ್ಲಿ ನಮ್ಮಲ್ಲಿ ಇಬ್ಬರ ತಂಗಿಯರಿದ್ದರು.

ಮಳೆ ನಿಂತ ಮೇಲೆ ಒಂದು ಭಾನುವಾರ, ಪೂಜೆ ಮುಗಿದ ನಂತರ ಚರ್ಚ್ ಹಾಲಿನಲ್ಲಿ ಎರಡು ಮೇಜು ಹಾಕಿ ಕೂರುತ್ತೇವೆ. ಸೋಲ್ಡರಿಂಗ್ ಕಬ್ಬಿಣ, ವಯರ್, ಸ್ಲೀವ್ ನಮ್ಮದು. ರಿಮೋಟ್ ತನ್ನಿ, ಸ್ಕ್ರೂ ಹಾಕಿಡಲು ಒಂದು ಮುಚ್ಚಳದ ಡಬ್ಬಿ ತನ್ನಿ. ಹಾರಿಸಲು ಬಾರದ ಹುಡುಗಿಯರೂ ಹುಡುಗರೂ ಬನ್ನಿ, ಕಳೆದ ಸಲ ಆ ತುಂಡಾದ ವಯರನ್ನು ಹುಡುಕಿದ್ದು ಒಮ್ಮೆಯೂ ವಿಮಾನ ಹಾರಿಸದ ಹತ್ತನೇ ತರಗತಿಯ ಹುಡುಗಿ. ಮುಂದಿನ ಜನವರಿಗೆ ಹಾರಿಸಲು ಈಗಾಗಲೇ ಐದು ಜನ ಹೆಸರು ಕೊಟ್ಟಿದ್ದಾರೆ. ನಾಲ್ವರು ರಿಮೋಟ್ ತರುತ್ತೇವೆ ಎಂದಿದ್ದಾರೆ. ಐದನೆಯವರು ಇನ್ನೂ ಒಪ್ಪಿಲ್ಲ, ಅವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ.