ಹಗುರ ರೆಕ್ಕೆಯ ಆನಂದ

ವಿಮಾನವೆಂದೊಡನೆ ನಮ್ಮ ಜನರ ನೆನಪಿಗೆ ಬರುವುದು ಧನಿಕರ ಪ್ರಯಾಣ, ಇಲ್ಲವೆ ಸೈನ್ಯದ ಕಾರ್ಯ. ಕೇವಲ ಸಂತೋಷಕ್ಕಾಗಿ ಹಾರಬಹುದೆಂಬ ವಿಚಾರವು ನಮ್ಮಲ್ಲಿನ್ನೂ ಬೇರೂರಿಲ್ಲ.

1975ನೆಯ ಇಸವಿಯಲ್ಲಿ ಅಮೇರಿಕೆಯ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಜಾನ್ ಮೂಡಿ ಎಂಬವರು ಹ್ಯಾಂಗ್‌ಗ್ಲೈಡರಿಗೆ ಸಣ್ಣದೊಂದು ಎಂಜಿನ್ನನ್ನು ಕಟ್ಟಿ, ತಮ್ಮ ಕಾಲುಗಳಿಂದಲೇ ಓಡಿ, ಸಮನೆಲದಿಂದ ಗಗನಕ್ಕೇರಿದರು. ಮೈಕ್ರೋಲೈಟಿನ ಯುಗವು ಹೀಗೆ ಮೊದಲಾಯಿತು. ಅಲ್ಯುಮಿನಿಯಮ್ ಕೊಳವೆ, ಹಾಯಿಬಟ್ಟೆ, ತಂತಿ, ಪುಟ್ಟ ಎಂಜಿನ್ನು. ಇಷ್ಟೇ ಅದರ ಬಂಡವಾಳ. ಗೋಡೆಯಿಲ್ಲ, ಗಾಜಿಲ್ಲ, ಮುಖಕ್ಕೆ ಬೀಸುವ ಗಾಳಿ, ಕಾಲ ಕೆಳಗೆ ತೆರೆದ ಹೊಲ. ಅಪಾಯವೂ ಇತ್ತು, ಕೆಲವರು ಪ್ರಾಣವನ್ನೇ ತೆತ್ತರು. ಆದರೂ ಅಲ್ಲಿಯ ಸರಕಾರವು ಆ ಉತ್ಸಾಹವನ್ನು ಹೊಸಕಿಹಾಕಲಿಲ್ಲ. 1982ರ ನಿಯಮದಂತೆ 254 ಪೌಂಡಿಗಿಂತ ಕಡಿಮೆ ತೂಕದ, ಒಬ್ಬನೇ ಕೂಡುವ ಯಂತ್ರಕ್ಕೆ ಪರವಾನಿಗೆ ಬೇಡ. ಆದರೆ ಹಗಲಿನಲ್ಲಿಯೇ ಹಾರಬೇಕು, ಜನವಸತಿಯ ಮೇಲೆ ಹಾರಕೂಡದು. ಕಟ್ಟಳೆಯೆಂದರೆ ಹೀಗಿರತಕ್ಕದ್ದು: ಪರರಿಗೆ ರಕ್ಷಣೆ, ತನಗೆ ಸ್ವಾತಂತ್ರ್ಯ.

ಕನ್ನಡನಾಡೂ ಈ ವಿದ್ಯೆಯಲ್ಲಿ ಹಿಂದುಳಿದಿರಲಿಲ್ಲ. ಫ್ರೆಂಚ್ ಮೂಲದ ಜೋಯೆಲ್ ಕೋಶ್ಲ್ಯಾನ್‌ರ ‘ರಾಜಹಂಸ’ ಸಂಸ್ಥೆಯು ಬೆಂಗಳೂರಿನಲ್ಲಿ ಇಂತಹ ಹಗುರ ವಿಮಾನಗಳನ್ನು ನಿರ್ಮಿಸಿ ಪರದೇಶಗಳಿಗೂ ಕಳುಹಿಸಿತು. ಅದರ ಒಂದು ಮಾದರಿಗೆ ‘ಹನುಮಾನ್’ ಎಂದೇ ಹೆಸರು. ಅಂಜನಾದ್ರಿಯಿರುವ ನಾಡಿಗೆ ಈ ಹೆಸರು ಹೊಸದಲ್ಲ. ಆಟವಾಗಿ ಹುಟ್ಟಿದುದು ಉದ್ಯೋಗವಾಗಿ ಬೆಳೆಯಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಹುನಗುಂದ ಸೀಮೆಯ ರಾಮಥಾಳದ ತರುಣನ ಗತಿಯೇನು? 1948ರಲ್ಲಿ ಸ್ಥಾಪಿತವಾದ ಜಕ್ಕೂರಿನ ಸರಕಾರಿ ವಿಮಾನ ಶಿಕ್ಷಣಶಾಲೆಯು ಅವನ ಊರಿಂದ ನೂರಾರು ಮೈಲು ದೂರ. ನಮ್ಮಲ್ಲಿ ಮೈಕ್ರೋಲೈಟಿಗೂ ನೋಂದಣಿ ಬೇಕು, ಹಾರಿಸುವವನಿಗೆ ಪರವಾನಿಗೆ ಬೇಕು. ಅದು ತಪ್ಪಲ್ಲ, ಆದರೆ ಕಲಿಯುವ ಸ್ಥಳವೇ ಇಲ್ಲದವನಿಗೆ ಪರವಾನಿಗೆಯು ಬೀಗ ಹಾಕಿದ ಬಾಗಿಲಿನಂತೆಯೇ ಸರಿ. ಎನ್.ಸಿ.ಸಿ. ವಾಯು ವಿಭಾಗದ ವಿದ್ಯಾರ್ಥಿಗಳಿಗೆ ಈ ವಿಮಾನಗಳಲ್ಲಿ ಹಾರುವ ಅನುಭವವು ದೊರೆಯುವುದು ಸಂತೋಷದ ಸಂಗತಿ. ಉಳಿದವರು ನೆಲದಿಂದಲೇ ನೋಡುತ್ತಿರಬೇಕೇ?

ಹೊಟ್ಟೆಗಿಲ್ಲದ ನಾಡಿಗೆ ಈ ವಿಲಾಸವೇಕೆಂದು ಕೆಲವರು ಕೇಳಬಹುದು. ತನ್ನ ರೆಕ್ಕೆಯ ತಂತಿಯನ್ನು ತಾನೇ ಬಿಗಿದು, ಗಾಳಿಯ ಗತಿಯನ್ನು ತಾನೇ ಅಳೆದು ಮೇಲೇರುವವನು ಧೈರ್ಯವನ್ನೂ ಎಚ್ಚರವನ್ನೂ ಒಟ್ಟಿಗೆ ಕಲಿಯುತ್ತಾನೆಂಬುದೇ ನಮ್ಮ ಉತ್ತರ. ಇವೆರಡೂ ವಿಲಾಸಗಳಲ್ಲ. ಆದಕಾರಣ ಸರಕಾರದವರು ಜಿಲ್ಲೆಗೊಂದಾದರೂ ಹಾರಾಟದ ಬಯಲನ್ನು ಗೊತ್ತುಮಾಡಿ, ಊರುಗಳಿಂದಲೂ ಐಹೊಳೆಯಂತಹ ಪುರಾತನ ಗುಡಿಗಳಿಂದಲೂ ಅದನ್ನು ದೂರವಿರಿಸಿ, ತಕ್ಕ ಶಿಕ್ಷಕರನ್ನು ನೇಮಿಸಿ, ಅಲ್ಪ ಶುಲ್ಕದಲ್ಲಿ ಕಲಿಸುವ ಏರ್ಪಾಡು ಮಾಡಬೇಕು. ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುವುದನ್ನು ರಾಮಥಾಳದ ರೈತನ ಮಗನು ಮೇಲಿನಿಂದ ಕಣ್ತುಂಬ ನೋಡುವ ದಿನವು ಬರಲಿ. ಗಗನವು ಕೆಲವರ ಆಸ್ತಿಯಲ್ಲ.