ಕಡೆಯ ಸೈಕಲ್ಲು

ಸೈಕಲ್ ಸ್ಪರ್ಧೆಯ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಜಾಗ ಅಂಗೈಯಗಲ. ಅದರಲ್ಲಿ ಗೆದ್ದ ಮೂವರ ಹೆಸರು, ಬಹುಮಾನ ಹಂಚಿದ ಮಹನೀಯರ ಹೆಸರುಗಳು ಅದರ ಇಮ್ಮಡಿ, ಕೊನೆಗೆ ‘ಮೊದಲಾದವರು ಉಪಸ್ಥಿತರಿದ್ದರು’ ಎಂಬ ಮಂಗಳವಾಕ್ಯ. ಮೂವತ್ತು ಮಂದಿ ತುಳಿದ ದಾರಿಯನ್ನು ಮೂವರೇ ತುಳಿದರೆಂಬಂತೆ ಓದುವವರಿಗೆ ತೋರುತ್ತದೆ. ಮಿಕ್ಕ ಇಪ್ಪತ್ತೇಳು ಮಂದಿ ಆ ಬೆಳಗ್ಗೆ ಎಲ್ಲಿದ್ದರು? ಅವರ ಬೆವರು ಯಾವ ಲೆಕ್ಕಕ್ಕೆ ಸೇರಿತು? ಅಂಥ ಇಪ್ಪತ್ತೇಳರಲ್ಲಿ ಒಬ್ಬನಾಗಿ ಒಂದು ಬೆಳಗನ್ನು ಕಳೆದವನಾದ್ದರಿಂದ ಈ ಪ್ರಶ್ನೆಯನ್ನು ಕೇಳುವ ಅಧಿಕಾರ ನನಗೆ ತುಸುಮಟ್ಟಿಗೆ ಇದೆಯೆಂದು ನಂಬಿದ್ದೇನೆ.

‘ಹವ್ಯಾಸಿ’ ಎಂಬ ಮಾತಿಗೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ. ಆದರೆ ಆ ಹೆಸರನ್ನು ಗಳಿಸಿಕೊಟ್ಟದ್ದು ರಂಗಭೂಮಿ. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ಹಗಲು ಕಚೇರಿಯಲ್ಲಿ ಲೆಕ್ಕ ಬರೆದು, ಶಾಲೆಯಲ್ಲಿ ಪಾಠ ಹೇಳಿ, ಇರುಳು ಬಣ್ಣ ಹಚ್ಚಿಕೊಂಡ ಜನ ವೃತ್ತಿ ನಾಟಕ ಮಂಡಲಿಗಳ ಮಗ್ಗುಲಲ್ಲಿ ಇನ್ನೊಂದು ರಂಗಭೂಮಿಯನ್ನೇ ಕಟ್ಟಿದರು. ಕೈಲಾಸಂ ಅವರ ನಾಟಕಗಳು ಬೆಳೆದದ್ದು ಆ ನೆಲದಲ್ಲಿ. ಅಲ್ಲಿ ಎರಡು ಮಾತಾಡಿ ಮರೆಯಾಗುವ ದೂತನ ಪಾತ್ರಧಾರಿಯ ಹೆಸರೂ ಕರಪತ್ರದಲ್ಲಿ ಅಚ್ಚಾಗುತ್ತದೆ. ಆಟದ ಬಯಲಿನ ಹವ್ಯಾಸಿಗೆ ಅಷ್ಟು ಭಾಗ್ಯವಿಲ್ಲ. ಅವನು ಗೆದ್ದರೆ ಕ್ರೀಡಾಪಟು, ಸೋತರೆ ‘ಇತರರು’.

ಸೈಕಲ್ಲಿಗೂ ಕನ್ನಡನಾಡಿಗೂ ಇರುವ ನಂಟು ಬಗೆಬಗೆಯದು. ವಿಜಯಪುರ, ಬಾಗಲಕೋಟೆಗಳ ಕಡೆಯ ಜಾತ್ರೆಗಳಲ್ಲಿ ಕುಸ್ತಿ, ಬಂಡಿಯ ಓಟಗಳ ಸಾಲಿನಲ್ಲಿಯೇ ಸೈಕಲ್ ಶರ್ಯತ್ತೂ ಉಂಟು. ಆ ಜಿಲ್ಲೆಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗಳಿಸಿದ್ದಾರೆ. ಸೈಕಲ್ಲಿನ ಬಲದಿಂದಲೇ ರೈಲ್ವೆಯಲ್ಲಿ ಕೆಲಸ ಹಿಡಿದವರಿದ್ದಾರೆ. ಬೆಂಗಳೂರಿನ ರೀತಿ ಬೇರೆ. ಅಲ್ಲಿ ವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತ ತರುಣರು ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ತಿರುವುಗಳನ್ನು ಏರುತ್ತಾರೆ. 2008ರ ಡಿಸೆಂಬರಿನಲ್ಲಿ ‘ಟೂರ್ ಆಫ್ ನೀಲಗಿರೀಸ್’ ಮೊದಲಾದದ್ದು ಇಂಥ ಉತ್ಸಾಹದಿಂದಲೇ. ಇವೆರಡಕ್ಕೂ ಸೇರದ ಇನ್ನೊಂದು ಸೈಕಲ್ಲು ನನ್ನ ಹಿರಿಯರಿಗೆ ನೆನಪಿದೆ. ಊರ ಬಯಲಲ್ಲಿ ಗೂಟ ನೆಟ್ಟು, ದಿನಗಟ್ಟಲೆ ನೆಲಕ್ಕೆ ಕಾಲಿಡದೆ ಸುತ್ತುತ್ತಿದ್ದ ಸಾಹಸಿಯ ಸೈಕಲ್ಲು ಅದು. ಸ್ನಾನ, ಊಟ ಎಲ್ಲವೂ ಅದರ ಮೇಲೆಯೇ. ಧ್ವನಿವರ್ಧಕದಲ್ಲಿ ಚಿತ್ರಗೀತೆ, ಹಾಸಿದ ಬಟ್ಟೆಯ ಮೇಲೆ ಚಿಲ್ಲರೆ ಕಾಸು. ಅವನು ಯಾರನ್ನು ಸೋಲಿಸಿದ? ಯಾರನ್ನೂ ಇಲ್ಲ. ಆದರೂ ಊರು ಅವನನ್ನು ನೋಡಿತು. ಇನ್ನು ಶಾಲೆಗಳಲ್ಲಿ, ಗಣಪತಿ ಉತ್ಸವಗಳಲ್ಲಿ ನಡೆಯುವ ನಿಧಾನ ಸೈಕಲ್ ಸ್ಪರ್ಧೆಯನ್ನಂತೂ ಹೇಳಲೇಬೇಕು. ಕಾಲೂರದೆ ಎಲ್ಲರಿಗಿಂತ ತಡವಾಗಿ ಬಂದವನಿಗೆ ಅಲ್ಲಿ ಮೊದಲ ಬಹುಮಾನ! ಈ ಆಟವನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಜಗತ್ತಿನ ನ್ಯಾಯವನ್ನು ಚೆನ್ನಾಗಿ ಬಲ್ಲವನಾಗಿರಬೇಕು.

ನನ್ನ ಬೆಳಗಿನ ಮಾತಿಗೆ ಬರುತ್ತೇನೆ. ಮಾಗಿಯ ಒಂದು ಭಾನುವಾರ ತರೀಕೆರೆಯಿಂದ ಅಮೃತಾಪುರಕ್ಕೆ ಹೋಗಿ ಹಿಂದಿರುಗುವ ಸ್ಪರ್ಧೆಯೊಂದನ್ನು ಉತ್ಸಾಹಿ ತರುಣರು ಏರ್ಪಡಿಸಿದ್ದರು. ಒಟ್ಟು ದಾರಿ ಸುಮಾರು 20 ಕಿಲೋಮೀಟರು. ವಯಸ್ಸಿನ ಕಟ್ಟಿಲ್ಲ, ಸೈಕಲ್ಲಿನ ಕಟ್ಟಿಲ್ಲ. ನಲವತ್ತು ದಾಟಿದ ಅಧ್ಯಾಪಕನೊಬ್ಬ ಅಂಕಿ ಬರೆದ ಚೀಟಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು ನಿಂತುದನ್ನು ಕಂಡು ಶಿಷ್ಯರು ಮೊದಲು ನಕ್ಕರು, ಆಮೇಲೆ ನನ್ನ ಚಕ್ರಕ್ಕೆ ಗಾಳಿ ತುಂಬಿಕೊಟ್ಟರು. ಗೆರೆಯ ಮೇಲೆ ಎಂಟು ಕಿಲೋಗ್ರಾಂ ತೂಗುವ ಗೇರು ಸೈಕಲ್ಲೂ ಇತ್ತು, ಅದರ ಎರಡರಷ್ಟಕ್ಕೂ ಹೆಚ್ಚು ತೂಗುವ ದುಡಿಮೆಯ ಸೈಕಲ್ಲೂ ಇತ್ತು. ನನ್ನದು ಇವೆರಡರ ನಡುವಿನ ಜಾತಿ.

ಸೀಟಿ ಊದಿದ ಐದು ನಿಮಿಷದಲ್ಲಿ ಮುಂದಿನ ಗುಂಪು ಕಣ್ಮರೆಯಾಯಿತು. ಇದರ ಗುಟ್ಟು ಕಾಲಿನಲ್ಲಿರುವಷ್ಟೇ ಗಾಳಿಯಲ್ಲೂ ಇದೆ. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಮಡಿಯಾಗುತ್ತದೆಂದು ಭೌತಶಾಸ್ತ್ರದವರು ಹೇಳುತ್ತಾರೆ. ಆದ್ದರಿಂದ ಬಲ್ಲ ಸವಾರರು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು, ಸರದಿಯಲ್ಲಿ ಮುಂದಾಳಾಗುತ್ತ ಸಾಗುತ್ತಾರೆ. ಹಿಂದಿರುವವನಿಗೆ ಶ್ರಮದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಉಳಿತಾಯವಾಗಬಹುದು. ಗುಂಪಿನಿಂದ ಒಮ್ಮೆ ಕಳಚಿದವನಿಗೆ ಈ ಸಹಾಯವಿಲ್ಲ. ಹಿಂದೆ ಬಿದ್ದವನೇ ಒಂಟಿಯಾಗಿ, ಅತ್ಯಂತ ಹೆಚ್ಚು ಹೊತ್ತು, ಇಡಿಯ ಗಾಳಿಗೆ ಎದೆಕೊಟ್ಟು ತುಳಿಯಬೇಕು. ಸ್ಪರ್ಧೆಯ ಹಿಂಬದಿ ಸುಲಭವೆಂದು ಭಾವಿಸುವವರು ಇದನ್ನು ಯೋಚಿಸಿರಲಾರರು.

ತೆಂಗು ಅಡಿಕೆಗಳ ತೋಟದ ನೆರಳು ಮುಗಿದು ಅಮೃತೇಶ್ವರ ದೇವಾಲಯ ಕಂಡಿತು. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿ. ಕಂಬಗಳು ತಿರುಗಣೆಯಲ್ಲಿ ತಿರುವಿದ ನುಣುಪಿನವು. ಅದರ ಹೊರಪ್ರಾಕಾರದ ಗೋಡೆಯುದ್ದಕ್ಕೂ ಸಮದೂರದಲ್ಲಿ ದುಂಡುದುಂಡಾದ ಕೆತ್ತನೆಗಳಿವೆ. ತರಗತಿಯ ವಿದ್ಯಾರ್ಥಿಗಳನ್ನು ಕರೆತಂದಾಗಲೆಲ್ಲ ಅವನ್ನು ಪದ್ಮಗಳೆಂದು ವರ್ಣಿಸಿದವನು ನಾನು. ಅಂದು, ಉಸಿರುಬಿಡುತ್ತ ಹಿಂದಿರುಗುವ ಗುರುತಿನ ಕಂಬವನ್ನು ಸುತ್ತುವಾಗ, ಅವು ಗಾಲಿಗಳಾಗಿಯೇ ಕಂಡವು. ಅಲ್ಲಿರುವ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಇಳಿದು ಓದುವ ಆಸೆಯೇನೋ ಆಯಿತು, ಇಳಿದರೆ ಮತ್ತೆ ಏರಲಾರೆನೆಂಬ ಭಯವೇ ಗೆದ್ದಿತು.

ಹಿಂದಿನಿಂದ ಎಣಿಸಿದರೆ ನನ್ನದು ಮೂರನೆಯ ಸ್ಥಾನ. ನಾನು ಗೆರೆ ಮುಟ್ಟುವ ವೇಳೆಗೆ ಬಹುಮಾನದ ಭಾಷಣ ಅರ್ಧ ಮುಗಿದಿತ್ತು. ನನಗೂ ಬಹಳ ಹೊತ್ತಿನ ಮೇಲೆ ಕಟ್ಟಕಡೆಯವನು ಬಂದ. ಐವತ್ತರ ಹತ್ತಿರದ ಮನುಷ್ಯ. ಹಾಲಿನ ಕ್ಯಾನುಗಳನ್ನು ತೂಗುಹಾಕುವ ಕೊಕ್ಕೆಗಳನ್ನು ಸಹ ಬಿಚ್ಚದ ಭಾರಿ ಸೈಕಲ್ಲು. ಬೆಳಗಿನ ಹಾಲು ಹಾಕಿ ಮುಗಿಸಿಯೇ ಗೆರೆಗೆ ಬಂದು ನಿಂತಿದ್ದನಂತೆ. ಮೇಜು ಮಡಿಸಿಯಾಗಿತ್ತು, ಗೆರೆಯ ಮೇಲೆ ಒಂದು ಕಾರು ನಿಂತಿತ್ತು. ಅವನು ಕಾರನ್ನು ಬಳಸಿಕೊಂಡು ಬಂದು ಇಳಿದು, ಬೆನ್ನಿನ ಚೀಟಿಯನ್ನು ಜೋಪಾನವಾಗಿ ಬಿಚ್ಚಿ, ಪರದೆ ಸುತ್ತುತ್ತಿದ್ದ ಹುಡುಗನನ್ನು ಕೇಳಿದ: “ನನಗೆ ಎಷ್ಟು ಹೊತ್ತಾಯಿತು, ಬರೆದುಕೊಂಡಿರಾ?” ಯಾರೂ ಬರೆದುಕೊಂಡಿರಲಿಲ್ಲ. ಹುಡುಗ ಕೆಟ್ಟವನಲ್ಲ, ಅವನು ನಾಚಿ, ಒಂದು ಬಾಳೆಯ ಹಣ್ಣನ್ನೂ ನೀರಿನ ಬಾಟಲನ್ನೂ ಕೊಟ್ಟ. ಆದರೆ ಆ ಮನುಷ್ಯ ಕೇಳಿದ್ದು ಬಾಳೆಯ ಹಣ್ಣನ್ನಲ್ಲ.

ನನ್ನ ತಕರಾರು ಇಷ್ಟೇ. ಸ್ಪರ್ಧೆ ಮುಗಿಯುವುದು ಮೊದಲನೆಯವನು ಗೆರೆ ದಾಟಿದಾಗಲ್ಲ, ಕಡೆಯವನು ದಾಟಿದಾಗ. ರೈಲ್ವೆಯವರು ಇದನ್ನು ಬಲ್ಲರು. ತರೀಕೆರೆಯ ನಿಲ್ದಾಣದಲ್ಲಿ ನಿಂತು ನೋಡಿ: ಗಾಡಿಯ ಕಡೆಯ ಬಂಡಿಗೆ ಒಂದು ಗುರುತಿನ ಫಲಕ, ರಾತ್ರಿಗೆ ಕೆಂಪು ದೀಪ. ಎಂಜಿನ್ನು ಎಷ್ಟೇ ಠೀವಿಯಿಂದ ಬಂದಿರಲಿ, ಆ ಕಡೆಯ ಗುರುತನ್ನು ಕಣ್ಣಾರೆ ಕಾಣದೆ ಗಾಡಿ ಪೂರ್ಣವಾಗಿ ಬಂದಿತೆಂದು ಅವರು ಒಪ್ಪುವುದಿಲ್ಲ. ಫ್ರಾನ್ಸಿನ ಮಹಾಸ್ಪರ್ಧೆಯಲ್ಲಿ ಎಲ್ಲರಿಗಿಂತ ಹಿಂದಿರುವ ಸವಾರನನ್ನು ‘ಕೆಂಪು ಲಾಂದ್ರ’ ಎಂದು ಕರೆಯುವುದು ಈ ರೈಲುದೀಪದ ನೆನಪಿನಿಂದಲೇ.

ಆ ಸ್ಪರ್ಧೆಯನ್ನು 1903ರಲ್ಲಿ ಆರಂಭಿಸಿದ್ದು ‘ಲೋಟೊ’ ಎಂಬ ಪತ್ರಿಕೆಯೆಂಬುದು ಪತ್ರಿಕೋದ್ಯಮಿಗಳು ನೆನೆಯತಕ್ಕ ಸಂಗತಿ. ಆರು ಹಂತಗಳಲ್ಲಿ 2,428 ಕಿಲೋಮೀಟರು. ಹೊರಟವರು 60, ಮುಗಿಸಿದವರು 21. ಗೆದ್ದ ಮಾರಿಸ್ ಗಾರಾನ್‌ನ ಹೆಸರನ್ನು ಲೋಕವೆಲ್ಲ ಬಲ್ಲದು. ಆದರೆ ಇಪ್ಪತ್ತೊಂದನೆಯವನ ಹೆಸರೂ ನಮಗೆ ತಿಳಿದಿದೆ: ಆರ್ಸೆನ್ ಮಿಯೋಶೋ. ಗಾರಾನ್‌ಗಿಂತ ಅವನು ಹೆಚ್ಚು ಕಡಿಮೆ 65 ಗಂಟೆ ಹಿಂದಿದ್ದ! ಎರಡೂವರೆ ದಿನಕ್ಕೂ ಹೆಚ್ಚು ಹಿಂದುಳಿದವನ ವೇಳೆಯನ್ನು ಯಾರೋ ಪುಣ್ಯವಂತರು ಕಾದು ಬರೆದುಕೊಂಡರು. ಅದರಿಂದಲೇ ಶತಮಾನ ದಾಟಿದ ಮೇಲೂ ನಾನು ಅವನ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆಯುವಂತಾಯಿತು. ನಮ್ಮವರು ಇಪ್ಪತ್ತು ಕಿಲೋಮೀಟರಿಗೆ ಅರ್ಧ ಗಂಟೆ ಹೆಚ್ಚು ಕಾಯಲಾರರೆ?

ಕನ್ನಡಿಗರಿಗೆ ಇದು ಹೊಸ ಪಾಠವೂ ಅಲ್ಲ. ನಮ್ಮ ಹಳ್ಳಿಗಳ ಬದಿಯಲ್ಲಿ ನಿಂತ ವೀರಗಲ್ಲುಗಳನ್ನು ನೋಡಿ. ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೆ ಕಲ್ಲು ನೆಟ್ಟರು. ತುರುಗಳು ಮರಳಿ ಬಂದವೋ ಇಲ್ಲವೋ, ಅದು ಎರಡನೆಯ ಮಾತು. ಹಾಲಿನವನನ್ನು ವೀರನೊಡನೆ ಹೋಲಿಸುವ ಉತ್ಪ್ರೇಕ್ಷೆ ನನಗೆ ಬೇಡ. ನಾನು ಕೇಳುತ್ತಿರುವುದು ಕಲ್ಲನ್ನಲ್ಲ, ನೋಟುಪುಸ್ತಕದಲ್ಲಿ ಒಂದು ಸಾಲನ್ನು.

ಏರ್ಪಾಡು ಮಾಡುವವರ ಕಷ್ಟ ನನಗೆ ತಿಳಿಯದ್ದಲ್ಲ. ಪೊಲೀಸರ ಅನುಮತಿ, ಬಸ್ಸು ಲಾರಿಗಳ ಕಾಟ, ಬಿಸಿಲು, ಬೆಳಗಿನಿಂದ ಹಸಿದ ಹುಡುಗರು. ರಸ್ತೆಯನ್ನು ಮಧ್ಯಾಹ್ನದವರೆಗೆ ತಡೆದಿಡಲಾಗದು. ತಡೆಯಬೇಕೆಂದೂ ನಾನು ಹೇಳಲಾರೆ. ಆದರೆ ಆಳೆತ್ತರದ ಹೊಳೆಯುವ ಕಪ್ಪುಗಳಿಗೆ, ಶಾಲು ಹಾರಗಳಿಗೆ ಹಣ ಒದಗುತ್ತದೆ. ಎಲ್ಲರ ಜೇಬಿನ ಫೋನಿನಲ್ಲಿಯೂ ಗಡಿಯಾರವಿರುವ ಈ ಕಾಲದಲ್ಲಿ ಒಬ್ಬ ಹುಡುಗ ಒಂದು ಕುರ್ಚಿಯ ಮೇಲೆ ಕೊನೆಯವರೆಗೆ ಕೂರುವುದಕ್ಕೆ ಏನು ಖರ್ಚು? ಭಾಷಣಗಳು ಕಡೆಯವನು ಬಂದ ಮೇಲೆ ಮೊದಲಾಗಲಿ. ಅತಿಥಿಗಳಿಗೆ ಅವಸರವಿದ್ದರೆ ಅವರು ಹೊರಡಬಹುದು. ಅವರು ಸೈಕಲ್ ತುಳಿದಿಲ್ಲವಷ್ಟೆ.

ಇನ್ನೊಂದು ಮಾತು. ದುಡಿಮೆಯ ಸೈಕಲ್ಲುಗಳಿಗೆ ಪ್ರತ್ಯೇಕ ವರ್ಗವಿರಬೇಕು. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ತೊಡಗಿದ ಮೇಲೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಪ್ರೌಢಶಾಲೆಗೆ ತುಳಿದು ಬಂದುದನ್ನು ಕಂಡವನು ನಾನು. ಅವರಲ್ಲಿ ಎಷ್ಟು ಜನರ ಕಾಲಿನಲ್ಲಿ ಓಟವಿತ್ತೆಂಬುದನ್ನು ಯಾರೂ ಅಳೆಯಲಿಲ್ಲ. ಲಕ್ಷ ರೂಪಾಯಿಯ ಸೈಕಲ್ಲಿನ ಪಕ್ಕದಲ್ಲಿ ತಂದು ನಿಲ್ಲಿಸಿದರೆ ಅಂಥವರು ಎರಡನೆಯ ವರ್ಷ ಬಾರರು.

ಮೊನ್ನೆ ಆ ತರುಣರಲ್ಲಿ ಇಬ್ಬರು ಮನೆಗೆ ಬಂದಿದ್ದರು, ಬರುವ ವರ್ಷದ ಚಂದಾಕ್ಕಾಗಿ. ಚಂದಾ ಕೊಟ್ಟೆ, ಜೊತೆಗೆ ಗೆರೆಯೆಳೆದ ನೂರು ಪುಟದ ಒಂದು ನೋಟುಪುಸ್ತಕವನ್ನೂ ಕೊಟ್ಟೆ. ಅದರಲ್ಲಿ ಬರೆದುಕೊಂಡು ಕೂರುವ ಕೆಲಸಕ್ಕೆ ತಾವೇ ಬರಬಾರದೇಕೆ ಎಂದು ಅವರು ವಿನಯದಿಂದ ಕೇಳಿದರು. ಆಗದೆಂದೆ, ಬರುವ ವರ್ಷವೂ ನನಗೆ ಬೆನ್ನಿನ ಚೀಟಿಯೇ ಬೇಕು.